ಅಮ್ಮ ಹೊಳೆ ದಾಟಿ ಬಂದರು

ಮಳೆಯ ಮಬ್ಬಿನಲ್ಲಿ ಪುಟ್ಟ ದೋಣಿಯೊಂದು ನನ್ನತ್ತ ಬರುತ್ತಿತ್ತು. ಅದರಲ್ಲಿ ಕಣ್ಣು ಮುಚ್ಚಿ ಕುಳಿತಿದ್ದವರು ಅಮ್ಮ! ಸರಕು ಸಾಗಿಸುವ ಮಂಜಿ ಎಂಬ ಹಾಯಿಹಡಗಿನಲ್ಲಿ ದುಡಿಯುತ್ತಿದ್ದ ಅಪ್ಪ ಕಡಲುಪಾಲಾದ ಮೇಲೆ ಅವರು ದೋಣಿ ಹತ್ತಿದವರೇ ಅಲ್ಲ.

ಎಪ್ಪತ್ತರ ದಶಕದ ಆ ಮಳೆಗಾಲದಲ್ಲಿ, ಕೆಮ್ಮಣ್ಣು ಊರಿನ ಹೊಳೆಯಲ್ಲಿ ಲಂಗರು ಹಾಕಿದ್ದ ಮಂಜಿಯೊಂದನ್ನು ಕಾಯುತ್ತಾ ನಾನು ಅದರಲ್ಲೇ ವಾಸವಿದ್ದೆ. ಪ್ರತಿ ಭಾನುವಾರ ಕಾಪುವಿನ ಮನೆಗೆ ಹೋಗುತ್ತಿದ್ದವನಿಗೆ, ಬಿರುಗಾಳಿಯಿಂದಾಗಿ ಮೂರು ವಾರ ಮಂಜಿ ಬಿಟ್ಟು ಹೋಗಲಾಗಿರಲಿಲ್ಲ.

“ಈ ಗಾಳಿಯಲ್ಲಿ ಎಂತಕ್ಕೆ ಬಂದದ್ದಮ್ಮ?” ಎಂದೆ.

ಅಮ್ಮ ನನ್ನ ಮುಖ ಸವರಿದರು. ತಂದಿದ್ದ ಕಡುಬು ತಿನ್ನಿಸಿ, ನನ್ನ ಚಾಪೆಯಲ್ಲಿ ಒರಗಿದರು. ಮಂಜಿ ಮೆಲ್ಲನೆ ತೂಗುತ್ತಿತ್ತು. ಅಪ್ಪ ಹೋದ ಮೇಲೆ ಗಾಳಿಯ ರಾತ್ರಿಗಳಲ್ಲಿ ನಿದ್ದೆಯೇ ಮಾಡದ ಅವರಿಗೆ ಗಾಢ ನಿದ್ದೆ ಬಂತು. ಎಚ್ಚರವಾದಾಗ ಹಲಗೆ ಮುಟ್ಟಿ ನೋಡಿ ಕೇಳಿದರು:

“ನಿನ್ನ ಅಪ್ಪ ಮಲಗುತ್ತಿದ್ದದ್ದು ಹೀಗೆಯಾ ಮಗಾ?”

ಅನಂತರ ಗಾಳಿಯೆದ್ದು ನಾನು ಮನೆಗೆ ಹೋಗದ ಭಾನುವಾರಗಳಲ್ಲೂ ಅಮ್ಮ ನೆಮ್ಮದಿಯಾಗಿ ನಿದ್ರಿಸುತ್ತಿದ್ದರಂತೆ.