ದಿಂಬಿನೆತ್ತರದ ಬೀದಿ

ನನ್ನ ಸೋದರತ್ತೆ ನಾಟಕದ ಪರದೆ ಬರೆಯುವವಳು. ಅರಮನೆಯಾಗಲಿ, ಕಾಡಾಗಲಿ, ಕೇಳಿದ್ದನ್ನು ಬಟ್ಟೆಯ ಮೇಲೆ ನಿಲ್ಲಿಸಿಬಿಡುತ್ತಾಳೆ. ನೆಂಟರು ಎದುರಿಗೆ ‘ಪರದೆಯತ್ತೆ’ ಎನ್ನುತ್ತಾರೆ, ಬೆನ್ನ ಹಿಂದೆ ತಲೆಕೆಟ್ಟವಳು ಎನ್ನುತ್ತಾರೆ. ಕೆಟ್ಟಿರುವುದು ಯಾರ ತಲೆ ಎಂದು ನನಗೆ ಗೊತ್ತು, ಆದರೆ ನೆಂಟರಲ್ಲವೇ, ಬಾಯಿ ಮುಚ್ಚಿಕೊಂಡಿರುತ್ತೇನೆ.

ಪರದೆ ಮುಗಿಯಿತು ಎನ್ನುವ ಮೊದಲು ಅವಳು ಹೋಗಿ ಕಟ್ಟಕಡೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂರುತ್ತಾಳೆ. ಅಲ್ಲಿಂದ ಪರದೆಯ ಮೇಲಿನ ಬೀದಿ ಸೊಟ್ಟಗೆ ಕಂಡರೆ ಮತ್ತೆ ಏಣಿ ಹತ್ತುತ್ತಾಳೆ. ಮುಂದಿನ ಸಾಲಿನಲ್ಲಿ ಕೂತ ನಾಟಕ ಕಂಪನಿಯ ಮಾಲೀಕರು ಗೊಣಗಿದರೆ, “ಅಲ್ಲಿ ಕೂತೋರಿಗೂ ಕಣ್ಣಿದೆ,” ಎನ್ನುತ್ತಾಳೆ. ಅವಳ ಈ ಮೊಂಡುತನ ಕಂಡರೆ ನನಗೆ ಪ್ರಾಣ.

ಇಂಥವಳೂ ಒಮ್ಮೆ ಎಡವಿದಳು, ಅದೂ ಹೆತ್ತ ತಾಯಿಯ ವಿಷಯದಲ್ಲಿ.

ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ನಮ್ಮ ಮನೆಯ ಹಿಂದಿನ ಕೋಣೆ ಸೇರಿದ್ದಳು. ಅದಕ್ಕೆ ಕಿಟಕಿಯಿಲ್ಲ. ಬರಬರುತ್ತಾ ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಮಂಚಕ್ಕೆ ತಾಗಿದ ಗೋಡೆಯ ಕಡೆ ತಿರುಗಿ ಮಲಗಿದವಳು ಯಾರು ಕರೆದರೂ ಈ ಕಡೆ ತಿರುಗುತ್ತಿರಲಿಲ್ಲ.

“ಮೂಳೆ ಕೂಡ್ಕೊಂಡಿದೆ. ಮನಸ್ಸು ಏಳ್ತಿಲ್ಲ. ಹೀಗೇ ಬಿಟ್ರೆ ಉಳಿಯೋದು ಕಷ್ಟ,” ಎಂದರು ಡಾಕ್ಟರು.

“ಅಮ್ಮನ್ನ ತಿರುಗಿಸೋದು ನನಗೆ ಬಿಡಿ,” ಎಂದಳು ಅತ್ತೆ.

ಎದುರು ಗೋಡೆಯ ತುಂಬ ಒಂದು ಬೀದಿ ಬರೆದಳು. ಸಾಲುಮನೆಗಳು, ಅರ್ಧ ತೆರೆದ ಅಂಗಡಿ, ಕಂಬಕ್ಕೊರಗಿದ ಸೈಕಲ್, ದೂರ ಹೋದಂತೆ ಕಿರಿದಾಗುವ ರಸ್ತೆ. ಬಾಗಿಲಲ್ಲಿ ನಿಂತ ನಾವೆಲ್ಲ ಬೆರಗಾಗಿ ನೋಡಿದೆವು. ಅಜ್ಜಿ ಕಷ್ಟಪಟ್ಟು ತಿರುಗಿದಳು, ನೋಡಿದಳು, ಮತ್ತೆ ಆ ಕಡೆ ತಿರುಗಿಬಿಟ್ಟಳು.

“ಹಿಡಿಸ್ಲಿಲ್ವಾ ಅಮ್ಮ?”

“ಮನೆಗಳು ಮೈಮೇಲೆ ಬೀಳ್ತವೆ ಕಣೆ.”

“ವಯಸ್ಸಾಯ್ತು, ಏನೋ ಹೇಳ್ತಾಳೆ ಬಿಡು,” ಎಂದ ಅಪ್ಪ. ಅಪ್ಪ ಬಸ್ ಡಿಪೋದ ಮೇಲ್ವಿಚಾರಕ. ಬೆಳಿಗ್ಗೆ, ಸಂಜೆ ಬಾಗಿಲಲ್ಲೇ ನಿಂತು “ಹೇಗಿದ್ದೀಯಮ್ಮ?” ಎಂದು ಕೇಳಿ, ಕೀಲಿಗೊಂಚಲು ಆಡಿಸುತ್ತ ಹೋಗುವವನು. ಯಾವ ಜಗಳವನ್ನಾದರೂ “ನಿನ್ನ ದೃಷ್ಟಿಕೋನ ಬೇರೆ, ನನ್ನದು ಬೇರೆ” ಎಂದು ಮುಗಿಸಿಬಿಡುತ್ತಿದ್ದ. ಆಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ.

ಅತ್ತೆ ಅಜ್ಜಿಯ ಪಕ್ಕ ಮಲಗಿ, ಅದೇ ದಿಂಬಿನ ಮೇಲೆ ತಲೆಯಿಟ್ಟು ನೋಡಿದಳು. ರಸ್ತೆ ಏಣಿಯ ಹಾಗೆ ನೆಟ್ಟಗೆ ಮೇಲೆ ಹತ್ತಿತ್ತು, ಮನೆಗಳು ಮಂಚದ ಮೇಲೆ ಬಾಗಿದ್ದವು.

“ಹಾಳಾದ್ದು, ನಿಂತ್ಕೊಂಡು ಬರೆದ್ಬಿಟ್ಟೆ,” ಎಂದು ಹಣೆ ಚಚ್ಚಿಕೊಂಡಳು.

ಮರುದಿನವೇ ಎಲ್ಲವನ್ನೂ ಅಳಿಸಿ ಹಾಕಿದಳು. ದಿಂಬಿನ ಎತ್ತರಕ್ಕೆ ಸರಿಯಾಗಿ ಗೋಡೆಗೊಂದು ಮೊಳೆ ಹೊಡೆದು, ದಾರ ಕಟ್ಟಿ, ದೂರಕ್ಕೆ ಓಡುವ ಗೆರೆಗಳನ್ನೆಲ್ಲ ಆ ಮೊಳೆಯಿಂದಲೇ ಎಳೆದಳು. ಮಲಗುವುದು, ನೋಡುವುದು, ಎದ್ದು ತಿದ್ದುವುದು. ಅವಳ ಬೆನ್ನು ಅದು ಹೇಗೆ ತಡೆದುಕೊಂಡಿತೋ.

ನಿಂತವರಿಗೆ ಈಗ ಬೀದಿ ಹಳ್ಳಕ್ಕೆ ಬಿದ್ದಂತೆ ಕಾಣುತ್ತಿತ್ತು. ನೆಂಟರು ಬಂದು ಮೂಗು ಮುರಿದು, ಹೊರಗೆ ಹೋಗಿ ಚೆನ್ನಾಗಿ ನಕ್ಕರು. ಅಜ್ಜಿ ಮಾತ್ರ ಈ ಕಡೆ ತಿರುಗಿದವಳು ತಿರುಗಿಯೇ ಇದ್ದಳು. “ಆ ಸೈಕಲ್ ಯಾರದೇ?” ಎಂದು ಕೇಳುತ್ತ ತಟ್ಟೆ ಖಾಲಿ ಮಾಡಿದಳು.

ಅಪ್ಪನಿಗೆ ನೆಂಟರ ನಗು ಚುಚ್ಚಿತ್ತು. “ಊಟ ಸೇರ್ತಿರೋದು ಔಷಧಿಯಿಂದ. ಈ ಸೊಟ್ಟ ಗೋಡೆಗೆ ನಾಳೆ ಸುಣ್ಣ ಹೊಡೆಸ್ತೀನಿ,” ಎಂದ.

ಅಜ್ಜಿಯ ಮುಖ ಸಪ್ಪಗಾಯಿತು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ತಣ್ಣಗೆ ಅಂದಳು: “ಹೊಡೆಸು ಅಣ್ಣ. ಮೊದಲು ಒಂದ್ಸಲ ಇಲ್ಲಿ ಬಂದು ಮಲಗು.”

ಅಪ್ಪ ಗೊಣಗುತ್ತಲೇ ಮಲಗಿದ. ಅಜ್ಜಿ ಸರಿದು ಜಾಗ ಕೊಟ್ಟಳು. ಅವನ ಕಣ್ಣೆದುರು ಮನೆಗಳು ನೆಟ್ಟಗೆ ನಿಂತಿರಬೇಕು, ರಸ್ತೆ ಸಲೀಸಾಗಿ ದೂರಕ್ಕೆ ಹೋಗಿರಬೇಕು. ಗೊಣಗಾಟ ನಿಂತಿತು. ಆಮೇಲೆ ಅವನ ನೋಟ ಬಾಗಿಲಿನತ್ತ ಹೊರಳಿತು. ಅಲ್ಲಿ ನಾನು ನಿಂತಿದ್ದೆ, ನನ್ನ ಬೆನ್ನ ಹಿಂದೆ ನಡುಮನೆಯ ದೀಪ ಉರಿಯುತ್ತಿತ್ತು.

“ಯಾರದು ಅಲ್ಲಿ?”

“ನಾನೇ ಅಪ್ಪ.”

ಅವನು ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ.

“ಅಮ್ಮ, ಬಾಗಿಲಲ್ಲಿ ನಿಂತೋರ ಮುಖ ಇಲ್ಲಿಗೆ ಕಾಣೋದೇ ಇಲ್ವಲ್ಲ, ಬರೀ ಕಪ್ಪು ನೆರಳು.”

“ಇಲ್ಲ ಕಣೋ. ನಿನ್ನ ದನಿಯಾದ್ರೂ ಕೇಳಿಸ್ತಿತ್ತಲ್ಲ, ಅಷ್ಟೇ ಸಾಕು ಅಂದ್ಕೊಂಡಿದ್ದೆ.”

ಅಪ್ಪ ಸೊಂಟದ ಕೀಲಿಗೊಂಚಲು ಬಿಚ್ಚಿ ನೆಲದ ಮೇಲಿಟ್ಟ. ಡಿಪೋದಿಂದ ಫೋನ್ ಬಂತು, ಎತ್ತಲಿಲ್ಲ.