ತಳವಾರನ ತೋಳಿಗೆ ದಾಕು

ಸೆಟ್ಟೂರಿನ ಆಚೆಯ ಒಂದು ಹಳ್ಳಿಗೆ ಕೊಂಡಪ್ಪ ತಳವಾರ. ಸಿಡುಬಿನ ದಾಕು ಹಾಕುವ ಜಯಣ್ಣ ಕಲ್ಯಾಣದುರ್ಗದಿಂದ ಬಂದಾಗಲೆಲ್ಲ ಮಕ್ಕಳನ್ನು ಹಿಡಿದು ತರುವುದು ಅವನ ಪಾಲಿನ ಕೆಲಸ. ಕಾಳಿನ ವಾಡೆಯೊಳಗೆ ಬಚ್ಚಿಟ್ಟ ಕೂಸನ್ನೂ ಬಿಡುತ್ತಿರಲಿಲ್ಲ. "ಇರುವೆ ಕಚ್ಚಿದಂಗೆ ಕಣಪ್ಪ" ಎಂದು ನಗಿಸುತ್ತ ರಟ್ಟೆ ಹಿಡಿಯುತ್ತಿದ್ದ. ತನ್ನ ಮಗಳು ನಾರಮ್ಮನನ್ನು ಮಾತ್ರ ಹಿಂದಿನ ದಿನವೇ ಹಿಂದೂಪುರದ ಅಜ್ಜಿಯ ಮನೆಗೆ ಸಾಗಿಸಿಬಿಡುತ್ತಿದ್ದ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಬೇಸಿಗೆಯಲ್ಲಿ ಐದು ವರ್ಷದ ಅದೇ ನಾರಮ್ಮನ ಮೈಮೇಲೆ ಸಿಡುಬಿನ ಅಮ್ಮ ಬಂದಳು. ಬಾಗಿಲಿಗೆ ಬೇವು ಕಟ್ಟಿದರು. ಅಮ್ಮನಿರುವ ಮನೆಯಲ್ಲಿ ಒಗ್ಗರಣೆ ಸಿಡಿಯಬಾರದು, ಮನೆಯವರ ಮೈಗೆ ಸೂಜಿ-ಕತ್ತಿಯ ಕಬ್ಬಿಣ ತಾಕಬಾರದು. ತಾಕಿದರೆ ಅಮ್ಮನ ಸಿಟ್ಟೆಲ್ಲ ಮಲಗಿದ ಕೂಸಿನ ಮೇಲೆ.

ಆ ವಾರವೇ ಜಯಣ್ಣ ಹೊಸ ರೂಲು ತಂದ. ಸರ್ಕಾರಿ ಕೆಲಸದವರು ಮೊದಲು ತಾವು ದಾಕು ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ಕೆಲಸವಿಲ್ಲ.

"ಸ್ವಾಮಿ, ಮನೇಲಿ ಅಮ್ಮ ಅವಳೆ. ಹದಿನೈದು ದಿನ ತಡೀರಿ."

"ನನ್ನ ಕೈಲಿ ಏನೈತೆ ಕೊಂಡಪ್ಪ? ನಂಗೂ ಹಾಕವ್ರೆ, ನೋಡು."

ಚಾವಡಿಯ ಮುಂದೆ ನಿಂತಿದ್ದ ಈರಕ್ಕ ನಕ್ಕಳು. ಹೋದ ವರ್ಷ ಅವಳ ಮಗನನ್ನು ಅಟ್ಟದಿಂದ ಇಳಿಸಿ ತಂದವನು ಇವನೇ. "ಕೊಂಡಣ್ಣ, ಈಗ ನಿನ್ನ ರಟ್ಟೆ ಯಾರು ಹಿಡೀಬೇಕು? ನಾನು ಬರ್ಲಾ?"

ಯಾರೂ ಹಿಡಿಯಬೇಕಾಗಲಿಲ್ಲ. ಮೂರು ಜೀವದ ಅನ್ನ ಆ ಕೆಲಸದಲ್ಲಿತ್ತು. ಕಣ್ಣು ಮುಚ್ಚಿ ತೋಳು ಚಾಚಿದ.

ಮನೆಗೆ ಬಂದರೆ ಹೆಂಡತಿ ಶಿವಲಕ್ಷ್ಮಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

"ಚುಚ್ಚಿಸ್ಕಂಡ್ ಬಂದ್ಬುಟ್ಟಾ? ಬೂದಿ ಹಾಕಿ ಉಜ್ಜು, ದಾಕು ಹೋಗ್ಲಿ."

"ಎಂಟನೇ ದಿನ ನೋಡೋಕೆ ಬತ್ತಾರೆ ಕಣೆ. ಗುಳ್ಳೆ ಏಳ್ದಿದ್ರೆ ಇನ್ನೊಂದ್ಸಲ ಚುಚ್ತಾರೆ."

"ಹಂಗಾದ್ರೆ ಅದು ಮಾಯೋಗಂಟ ಒಳಕ್ ಬರಬ್ಯಾಡ."

ಹಿತ್ತಿಲ ಗೋಡೆಗೆ ಒರಗಿ ಕೂತ. ಒಳಗಿನಿಂದ ನಾರಮ್ಮ "ಅಪ್ಪಾ, ಉರಿ" ಎನ್ನುವಳು. "ಇಲ್ಲೇ ಅವ್ನಿ ಕಣವ್ವ" ಎನ್ನುವನು. ಬೇವಿನ ಸೊಪ್ಪು ಕಿತ್ತು ಹೊಸ್ತಿಲಾಚೆ ಇಡುವುದು ಬಿಟ್ಟರೆ ಅವನಿಂದ ಇನ್ನೇನೂ ಆಗದು. ಆರನೆಯ ದಿನ ಅವಳ ಮಾತು ನಿಂತಿತು. ನರಳಾಟ ಮಾತ್ರ ಕೇಳುತ್ತಿತ್ತು.

ಎಂಟನೆಯ ದಿನ ಜಯಣ್ಣ ಗುಳ್ಳೆ ನೋಡಿ ತಲೆದೂಗಿದ. "ಬಾಗಾ ಲೇಚಿಂದಿ! ಚೆನ್ನಾಗೆದ್ದೈತೆ. ನಿನ್ನ ಕೆಲ್ಸಕ್ಕೇನೂ ಭಯ ಇಲ್ಲ."

ಕೊಂಡಪ್ಪ ಅವನ ಕೈ ಹಿಡಿದ. "ಸ್ವಾಮಿ, ನನ್ನ ಮಗೀಗೂ ಹಾಕ್ರಿ. ನಾನೇ ಹಿಡ್ಕಂತೀನಿ."

ಜಯಣ್ಣ ಬೇವು ಕಟ್ಟಿದ ಬಾಗಿಲ ಕಡೆ ನೋಡಿದ. "ಬಂದ್ಮೇಲೆ ಹಾಕಿದ್ರೆ ಏನೂ ಆಗಲ್ಲ ಕಣಪ್ಪ. ಬರೋಕ್ ಮುಂಚೆ ಹಾಕ್ಬೇಕಿತ್ತು."

ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟ. ಕೊಂಡಪ್ಪ ಮತ್ತೆ ಗೋಡೆಗೆ ಕಿವಿ ಹಚ್ಚಿ ಕೂತ.