ಪಿ.ಪಿ. ನಂಬರಿನ ಈಶ್ವರಮ್ಮ

ತಾಳಗುಂದದ ಈಶ್ವರಮ್ಮನಿಗೆ ಫೋನ್ ಇರಲಿಲ್ಲ. ನಂಬರ್ ಮಾತ್ರ ಇತ್ತು. ೧೯೯೬ರ ಸುಮಾರಿಗೆ ಆ ಬೀದಿಗಿದ್ದ ಒಂದೇ ಫೋನ್, ಕಿರಾಣಿ ಅಂಗಡಿಯ ಮಲ್ಲಿಕಾರ್ಜುನಪ್ಪನ ನಡುಮನೆಯಲ್ಲಿತ್ತು. ಬೀದಿಯವರೆಲ್ಲ ಅದನ್ನೇ ತಮ್ಮ ಪಿ.ಪಿ. ನಂಬರ್ ಎಂದು ನೆಂಟರಿಗೆ ಕೊಟ್ಟಿದ್ದರು. ಕರೆ ಬಂದರೆ ಮಲ್ಲಿಕಾರ್ಜುನಪ್ಪನ ಹೆಂಡತಿ ಜಗದಾಂಬ ಜಗಲಿಯಿಂದ ಕೂಗುತ್ತಿದ್ದಳು. ಮೇಷ್ಟರ ಮನೆಯವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು. ಕುರಿ ಸಾಕುವ ಮನೆಯ ಈಶ್ವರಮ್ಮ ಹೊಸ್ತಿಲಾಚೆ ನಿಲ್ಲುತ್ತಿದ್ದಳು. ಹಾಗೆ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ಒಳಗೆ ಬಾ ಎಂದೂ ಹೇಳಿರಲಿಲ್ಲ.

ಗಂಡ ಸಣ್ಣಬೀರಪ್ಪ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಹೊಲಗಳಿಗೆ ಹೋದರೆ ಮಳೆಗಾಲಕ್ಕೇ ವಾಪಸು. ಅಲ್ಲಿಯ ಸೋಮವಾರದ ಸಂತೆಗೆ ಹೋದಾಗ ಬೂತಿನಿಂದ ಫೋನ್ ಮಾಡುತ್ತಿದ್ದ. ರಿಸೀವರ್ ಜಗದಾಂಬಳ ಕಿವಿಯಲ್ಲೇ ಇರುತ್ತಿತ್ತು.

“ಹೆಂಗದಾಳೆ ಅಂತ ಕೇಳ್ತಾನೆ ನೋಡೇ.”

“ಆರಾಮದೀನಿ ಅನ್ರಿ ಅಕ್ಕಾರೆ.”

“ಅಷ್ಟೇನಾ? ಅಲ್ಲಿ ಇನ್ನೊಬ್ಬಳ್ನ ಕಟ್ಕೊಂಡಿಯೇನೋ ಅಂತ ಕೇಳ್ಲಾ?”

ನಡುಮನೆಯೆಲ್ಲ ನಗುತ್ತಿತ್ತು. ಈಶ್ವರಮ್ಮನೂ ನಗುತ್ತಿದ್ದಳು.

ಆ ಮಾಘದಲ್ಲಿ ಶಿಕಾರಿಪುರದ ಡಾಕ್ಟರು, ಗರ್ಭಕೋಶ ತೆಗೆಯಬೇಕು, ತಡಮಾಡಬೇಡ, ಗಂಡನನ್ನು ಕರೆಸು ಎಂದರು. ಈ ಮಾತನ್ನು ಜಗದಾಂಬಳ ಬಾಯಲ್ಲಿ ಹೇಳಿಸುವಂತಿರಲಿಲ್ಲ. ಸಂಜೆಯೊಳಗೆ ನಲ್ಲಿಯ ಹತ್ತಿರ ಎಲ್ಲರಿಗೂ ಗೊತ್ತಾಗುತ್ತಿತ್ತು. ಸೋಮವಾರ ಫೋನ್ ಬಂದಾಗಲೆಲ್ಲ “ಆರಾಮದೀನಿ ಅನ್ರಿ” ಎಂದೇ ಹೇಳಿಸಿದಳು.

ಒಂದು ಸೋಮವಾರ ಜಗದಾಂಬ ಬಳ್ಳಿಗಾವಿಗೆ ಮದುವೆಗೆ ಹೋಗಿದ್ದಳು. ಫೋನ್ ಬಡಿದುಕೊಂಡಾಗ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ ಮಲ್ಲಿಕಾರ್ಜುನಪ್ಪ, ಹೊಸ್ತಿಲಾಚೆ ಕಾಯುತ್ತಿದ್ದ ಈಶ್ವರಮ್ಮನಿಗೆ, “ನಿಂದೇ ಇರ್ಬೇಕು, ಹೋಗಿ ಎತ್ತು” ಎಂದ. ಅವಳು ಗೋಣಿಚೀಲಕ್ಕೆ ಕಾಲು ಒರೆಸಿ ಒಳಗೆ ಹೋದಳು.

“ಅಕ್ಕಾರೆ, ಶರಣ್ರೀ! ಊಟ ಆತೇನ್ರಿ? ಯಜಮಾನ್ರು ಹೆಂಗದಾರೆ?” ಸಣ್ಣಬೀರಪ್ಪನ ದನಿ ಸಲೀಸಾಗಿ, ನಗುನಗುತ್ತ ಬಂತು. ಮನೆಯಲ್ಲಿ ಅವನು ಆ ದನಿಯಲ್ಲಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

“ನಾನ್ರಿ” ಎಂದಳು.

“ಅಕ್ಕಾರೆಲ್ಲಿ? ಅವರ ಕೈಗೆ ಕೊಡು.”

“ಮದುವಿಗೆ ಹೋಗ್ಯಾರೆ. ನಂದೊಂದು ಮಾತಿತ್ತು…”

“ಅವರಿಲ್ದೆ ಏನ್ ಮಾತಾಡ್ತಿ? ಮೀಟರ್ ಓಡ್ತೈತಿ. ಮುಂದಿನ ವಾರ ಮಾಡ್ತೀನಿ.”

ಲೈನ್ ಹೋಯಿತು. ಈಶ್ವರಮ್ಮ ರಿಸೀವರ್ ಇಟ್ಟು, ಮೇಲೆ ಕಸೂತಿ ಬಟ್ಟೆ ಮುಚ್ಚಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಏನಂದ?” ಎಂದು ಮಲ್ಲಿಕಾರ್ಜುನಪ್ಪ ಕೇಳಿದ್ದಕ್ಕೆ, “ಕುರಿ ಚೆನ್ನಾಗದಾವಂತೆ” ಎಂದಳು.

ಜಡೆ ಊರಿನಿಂದ ಅಕ್ಕ ಹೂವಮ್ಮನನ್ನು ಕರೆಸಿಕೊಂಡು, ಶಿಕಾರಿಪುರಕ್ಕೆ ಹೋಗಿ ಆಸ್ಪತ್ರೆ ಸೇರಿದಳು. ಗಂಡ ಬರಲಿಲ್ಲವೇ ಎಂದು ಡಾಕ್ಟರು ಕೇಳಿದರು. ದೂರ ಇದ್ದಾರೆ ಎಂದು ಹೂವಮ್ಮ ಹೇಳಿದಳು. ಈಶ್ವರಮ್ಮನಿಗೆ ಎಚ್ಚರವಾದಾಗ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು. ನೋವು ಸಂಜೆಗೆ ಶುರುವಾಯಿತು.

ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಬಂದು, ಬಸ್ಸಿಳಿದು ನಿಧಾನ ನಡೆಯುತ್ತಿದ್ದಾಗ ಜಗದಾಂಬ ಜಗಲಿಯಿಂದಲೇ ಕೂಗಿದಳು:

“ಎಲ್ಲಿಗೆ ಹೋಗಿದ್ಯೇ? ಸೋಮವಾರ ನಿನ್ನ ಗಂಡ ಮಾಡಿದ್ದ. ಕೂಗಿದೆ, ನೀನಿರ್ಲಿಲ್ಲ. ಆರಾಮದಾಳೆ ಅಂತ ನಾನೇ ಹೇಳ್ಬಿಟ್ಟೆ.”

“ಜಡೆಗೆ ಹೋಗಿದ್ದೆ. ಚಲೋ ಮಾಡಿದ್ರಿ ಅಕ್ಕಾರೆ” ಎಂದು ಈಶ್ವರಮ್ಮ ಮನೆಯ ಕಡೆ ನಡೆದಳು.